ಬೆಳಕು ಬರೆದ ಚಿತ್ರ: ಮರದ ಅಚ್ಚಿನಿಂದ ಮೊಬೈಲಿನವರೆಗೆ



ಜೇಬಿನಲ್ಲಿ ಮೊಬೈಲ್ ಇರುವಾಗ ಪ್ರತ್ಯೇಕ ಕ್ಯಾಮೆರಾ ಏಕೆ ಬೇಕು? ಚಿತ್ರೀಕರಣಕ್ಕೆಂದು ಶಾಲೆ, ಕಾಲೇಜುಗಳಿಗೆ ಬರುವ ನಮ್ಮ ತಂಡದ ದೊಡ್ಡ ಕ್ಯಾಮೆರಾವನ್ನು ನೋಡಿ ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಇದು. ‘ಕ್ಯಾಮೆರಾವೇ ಮೇಲು’ ಎಂದೋ ‘ಮೊಬೈಲೇ ಸಾಕು’ ಎಂದೋ ಒಂದೇ ಮಾತಿನಲ್ಲಿ ಉತ್ತರ ಕೊಟ್ಟುಬಿಡಬಹುದು. ಆದರೆ ಒಂದು ಯಂತ್ರದ ಯೋಗ್ಯತೆ ತಿಳಿಯುವುದು ಅದು ಮಾಡಿದ ಕೆಲಸದಿಂದ. ಆದ್ದರಿಂದ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇಲ್ಲಿನ ಬಸದಿ, ಹೊಳೆ, ಕಂಬಳದ ಗದ್ದೆಗಳನ್ನು ಬೇರೆ ಬೇರೆ ಕಾಲದ ಯಂತ್ರಗಳು ಹೇಗೆ ಕಂಡವು, ಆ ಚಿತ್ರಗಳಲ್ಲಿ ನಮ್ಮ ಪಾಲಿಗೆ ಉಳಿಯುವುದು ಯಾವುದು ಎಂಬುದನ್ನು ನೋಡೋಣ.

ಮರದ ಮೇಲೆ ಕೊರೆದ ಛಾಯಾಚಿತ್ರ

ಛಾಯಾಗ್ರಹಣ ಕಲೆ ಜಗತ್ತಿಗೆ ಬಹಿರಂಗವಾದದ್ದು 1839ರಲ್ಲಿ, ಫ್ರಾನ್ಸಿನ ದಾಗೇರ್ ಎಂಬಾತನ ವಿಧಾನದ ಮೂಲಕ. ಅದಾಗಿ ನಾಲ್ಕು ದಶಕ ಕಳೆಯುವ ಮೊದಲೇ ನಮ್ಮ ಈ ಸೀಮೆಯ ಚಿತ್ರಗಳು ಲಂಡನ್ನಿನ ಒಂದು ಪುಸ್ತಕದಲ್ಲಿ ಕಾಣಿಸಿಕೊಂಡವು. ಅದು 1876ರಲ್ಲಿ ಪ್ರಕಟವಾದ, ಜೇಮ್ಸ್ ಫರ್ಗುಸನ್ ಬರೆದ ಭಾರತೀಯ ವಾಸ್ತುಶಿಲ್ಪದ ಇತಿಹಾಸ. ಅದರಲ್ಲಿ ಮೂಡುಬಿದಿರೆಯ ಬಸದಿ, ಅಲ್ಲಿನ ಜೈನ ಗುರುಗಳ ಸಮಾಧಿಗಳು, ವೇಣೂರಿನ ಗೊಮ್ಮಟ, ಗುರುವಾಯನಕೆರೆಯ ಮಂಟಪ ಮತ್ತು ಸ್ತಂಭ, ಇವೆಲ್ಲ ಇವೆ. ವೇಣೂರು ಮತ್ತು ಗುರುವಾಯನಕೆರೆ ಬೆಳ್ತಂಗಡಿ ತಾಲೂಕಿನ ಊರುಗಳು ಎಂಬುದು ನಿಮಗೆ ಗೊತ್ತೇ ಇದೆ. ಚಿತ್ರಗಳ ಕೆಳಗೆ ‘ಛಾಯಾಚಿತ್ರದಿಂದ’ ಎಂಬ ಅರ್ಥದ ಒಕ್ಕಣೆ ಇದೆ.

ಛಾಯಾಚಿತ್ರದಿಂದ ಎಂದು ಏಕೆ ಬರೆಯಬೇಕಾಯಿತು? ಏಕೆಂದರೆ ಆಗಿನ ಮುದ್ರಣಾಲಯಗಳಿಗೆ ಅಕ್ಷರಗಳ ಜೊತೆಯಲ್ಲಿ ಛಾಯಾಚಿತ್ರವನ್ನು ನೇರವಾಗಿ ಅಚ್ಚು ಹಾಕಲು ಬರುತ್ತಿರಲಿಲ್ಲ. ಒಬ್ಬ ಕುಶಲಕರ್ಮಿ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಮರದ ತುಂಡಿನ ಮೇಲೆ ಗೆರೆ ಗೆರೆಯಾಗಿ ಕೊರೆಯುತ್ತಿದ್ದ. ಆ ಮರದ ಅಚ್ಚಿನಿಂದ ಪುಟ ಮುದ್ರಣವಾಗುತ್ತಿತ್ತು. ಎಂದರೆ, ವೇಣೂರಿನಲ್ಲಿ ಬೆಳಕು ಬರೆದ ಚಿತ್ರವನ್ನು ಮತ್ತೆ ಕೈ ಬರೆಯಿತು. ಕಲ್ಲಿನ ಯಾವ ಬಿರುಕನ್ನು ಉಳಿಸಬೇಕು, ಯಾವ ನೆರಳನ್ನು ಬಿಡಬೇಕು ಎಂಬುದು ಕೊರೆಯುವವನ ನಿರ್ಧಾರವಾಗಿತ್ತು. ಈ ಮಾತನ್ನು ನೆನಪಿಡಿ. ಮೊಬೈಲಿನ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಆ ಕಾಲದಲ್ಲಿ ರೂಢಿಯಲ್ಲಿದ್ದ ವಿಧಾನವೂ ಸುಲಭದ್ದಲ್ಲ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕ್ರಮದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ಲೇಪ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲಿಯೇ ಕತ್ತಲೆಯ ಗುಡಾರದಲ್ಲಿ ಸಂಸ್ಕರಿಸಬೇಕಿತ್ತು. ಗಾಜು, ಔಷಧಿ, ಗುಡಾರ, ಮುಕ್ಕಾಲಿ ಎಲ್ಲವನ್ನೂ ಹೊತ್ತು ತಿರುಗಬೇಕು. ಒಂದು ಚಿತ್ರಕ್ಕೆ ಇಷ್ಟು ಶ್ರಮವಿದ್ದಾಗ ಯಾರ ಚಿತ್ರ ತೆಗೆಯುತ್ತಾರೆ? ರಾಜರದು, ಸ್ಮಾರಕಗಳದು, ಅಧಿಕಾರಿಗಳದು. ಗದ್ದೆಯಲ್ಲಿ ನಾಟಿ ಮಾಡುವವರ ಸರದಿ ಬರುವುದು ಅಪರೂಪ. ಯಂತ್ರದ ತೂಕವೇ ಇತಿಹಾಸದಲ್ಲಿ ಯಾರಿಗೆ ಜಾಗ ಎಂಬುದನ್ನು ಒಂದಿಷ್ಟು ನಿರ್ಧರಿಸಿತ್ತು.

ಹನ್ನೆರಡು ವರ್ಷಕ್ಕೊಮ್ಮೆ ಹೊಡೆಯುವ ಗಡಿಯಾರ

ವೇಣೂರಿನ 35 ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲ ಪ್ರತಿಷ್ಠಾಪಿಸಿದ. ಈಚಿನ ಮೂರು ಮಹಾಮಸ್ತಕಾಭಿಷೇಕಗಳು 2000, 2012 ಮತ್ತು 2024ರಲ್ಲಿ ನಡೆದವು. ಕ್ಯಾಮೆರಾದ ಚರಿತ್ರೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗುವುದು ಕಷ್ಟ.

2000ದಲ್ಲಿ ನಮ್ಮಲ್ಲಿ ಫಿಲ್ಮು ಕ್ಯಾಮೆರಾಗಳದೇ ರಾಜ್ಯ. ಒಂದು ಸುರುಳಿಯಲ್ಲಿ 36 ಚಿತ್ರ. ಪ್ರತಿ ಸಲ ಗುಂಡಿ ಒತ್ತುವ ಮೊದಲು ‘ಇನ್ನೆಷ್ಟು ಉಳಿದಿದೆ?’ ಎಂಬ ಲೆಕ್ಕ. ಸ್ಟುಡಿಯೋದಲ್ಲಿ ತೊಳೆಸಿ ಪ್ರಿಂಟು ಕೈಗೆ ಬರುವವರೆಗೆ ಚಿತ್ರ ಬಂದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಒಂದು ಮೊಬೈಲ್ ಮಾರುಕಟ್ಟೆಗೆ ಬಂತು. ಅದರ ಬೆನ್ನಿಗೆ ಒಂದು ಪುಟ್ಟ ಕ್ಯಾಮೆರಾ ಇತ್ತು. ಚಿತ್ರದಲ್ಲಿ ಸುಮಾರು 1.1 ಲಕ್ಷ ಬಿಂದುಗಳು ಮಾತ್ರ. ಅದನ್ನು ಆಟಿಕೆ ಎಂದು ತಳ್ಳಿಹಾಕಿದವರೂ ಇದ್ದರು.

2012ರ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಮನೆಮನೆಗೆ ಬಂದಿತ್ತು. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ತಯಾರಿಸಿದವನು ಅಮೆರಿಕದ ಕೊಡಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್. ಅದರಲ್ಲಿ 10 ಸಾವಿರ ಬಿಂದುಗಳಿದ್ದವು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆದುಕೊಳ್ಳಲು 23 ಸೆಕೆಂಡು ಬೇಕಾಗುತ್ತಿತ್ತು. ಫಿಲ್ಮನ್ನೇ ನಂಬಿ ಬೆಳೆದ ಅದೇ ಕೊಡಕ್ 2012ರ ಜನವರಿಯಲ್ಲಿ ದಿವಾಳಿತನದಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು.

ಇನ್ನು 2024ರಲ್ಲಿ, ಅಭಿಷೇಕದ ಹಾಲು, ಅರಿಶಿನಗಳ ಕಡೆಗೆ ಎತ್ತಿದ ಕೈಗಳಲ್ಲಿ ಕಂಡದ್ದು ಹೆಚ್ಚಾಗಿ ಮೊಬೈಲೇ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಂಕಿ ಅಂಶ ಇದಕ್ಕೆ ಸಾಕ್ಷಿ: 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ರವಾನೆಯಾಗಿದ್ದವು; 2023ರಲ್ಲಿ ಆ ಸಂಖ್ಯೆ 80 ಲಕ್ಷಕ್ಕೂ ಕೆಳಗಿಳಿಯಿತು.

ಅಂಗಳದ ಬೋಗುಣಿ ಮತ್ತು ಲೋಟ

ಹಾಗಾದರೆ ಮೊಬೈಲು ಕ್ಯಾಮೆರಾವನ್ನು ಸೋಲಿಸಿತೇ? ಸ್ವಲ್ಪ ವಿಜ್ಞಾನ ನೋಡೋಣ. ಆಷಾಢದ ಮಳೆಯಲ್ಲಿ ಅಂಗಳದಲ್ಲಿ ಒಂದು ದೊಡ್ಡ ಬೋಗುಣಿಯನ್ನೂ ಒಂದು ಲೋಟವನ್ನೂ ಇಡಿ. ಮಳೆ ಒಂದೇ, ಸಮಯ ಒಂದೇ. ಆದರೂ ಬೋಗುಣಿಯಲ್ಲಿ ಹೆಚ್ಚು ನೀರು ನಿಲ್ಲುತ್ತದೆ. ಬೆಳಕೂ ಹೀಗೆಯೇ. ಮಸೂರದ ಹಿಂದೆ ಬೆಳಕನ್ನು ಹಿಡಿಯುವ ಫಲಕಕ್ಕೆ ಸಂವೇದಕ ಎನ್ನುತ್ತಾರೆ. ವೃತ್ತಿಪರ ಕ್ಯಾಮೆರಾದ ಸಂವೇದಕ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ, ಹಳೆಯ ಫಿಲ್ಮಿನ ಅಳತೆಯೇ. ವಿಸ್ತೀರ್ಣ 864 ಚದರ ಮಿ.ಮೀ. ಅನೇಕ ಮೊಬೈಲುಗಳ ಸಂವೇದಕ ಸುಮಾರು 24 ಚದರ ಮಿ.ಮೀ.; ದುಬಾರಿ ಮೊಬೈಲುಗಳಲ್ಲಿ 100 ಚದರ ಮಿ.ಮೀ. ದಾಟುವುದುಂಟು. ಸಾಮಾನ್ಯ ಮೊಬೈಲಿಗೂ ದೊಡ್ಡ ಕ್ಯಾಮೆರಾಕ್ಕೂ ಸುಮಾರು 36 ಪಟ್ಟು ಅಂತರ. ಮೆಗಾಪಿಕ್ಸೆಲ್ ಎಂದರೆ ಬಿಂದುಗಳ ಎಣಿಕೆ ಮಾತ್ರ. ಲೋಟವನ್ನು ನೂರು ಭಾಗ ಮಾಡಿದರೆ ನೀರು ಹೆಚ್ಚಾಗುವುದಿಲ್ಲ, ಅಲ್ಲವೇ?

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೆನಪಿಸಿಕೊಳ್ಳಿ. 1430ರಲ್ಲಿ ಕಟ್ಟಿಸಿದ ಈ ಬಸದಿಯ ಹೊರಗೆ ಕಣ್ಣು ಕೋರೈಸುವ ಬಿಸಿಲು, ಕಂಬಗಳ ನಡುವೆ ಮಬ್ಬು. ಇಂತಹ ಕಡೆ ಚಿಕ್ಕ ಸಂವೇದಕ ಸೋಲಬೇಕಿತ್ತು. ಆದರೆ ಮೊಬೈಲಿನ ಒಳಗೆ ಒಂದು ಗಣಕಯಂತ್ರ ಇದೆ. ನೀವು ಒಮ್ಮೆ ಒತ್ತಿದಾಗ ಅದು ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಕೂಡಿಸಿ, ಸರಾಸರಿ ಹಾಕುತ್ತದೆ. ಸಂಖ್ಯಾಶಾಸ್ತ್ರದ ನಿಯಮದಂತೆ 16 ಚಿತ್ರಗಳ ಸರಾಸರಿ ಹಾಕಿದರೆ ಚಿತ್ರದಲ್ಲಿ ಕಾಣುವ ಕಾಳು ಕಾಳಿನಂತಹ ದೋಷ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. 16ರ ವರ್ಗಮೂಲ 4. ಲೋಟ ಚಿಕ್ಕದಾದರೂ ಹದಿನಾರು ಸಲ ಒಡ್ಡಿದಂತೆ. ಕಂಬ ಓಡಿಹೋಗುವುದಿಲ್ಲವಾದ್ದರಿಂದ ಈ ಉಪಾಯ ಬಸದಿಯಲ್ಲಿ ಫಲಿಸುತ್ತದೆ.

ಮೂರ್ತಿಯ ಚಿತ್ರದಲ್ಲಿ ಇನ್ನೊಂದು ಅಂಶವನ್ನು ಗಮನಿಸಿ. ಸುಮಾರು 10.7 ಮೀಟರ್ ಎತ್ತರದ ವೇಣೂರಿನ ಗೊಮ್ಮಟನಿಂದ 5 ಮೀಟರ್ ದೂರದಲ್ಲಿ ನಿಂತರೆ, ಪಾದಕ್ಕಿಂತ ತಲೆ ನಿಮ್ಮಿಂದ ಸುಮಾರು ಎರಡು ಪಟ್ಟು ದೂರ. ಹಾಗಾಗಿ ತಲೆ ಚಿಕ್ಕದಾಗಿ, ಕಾಲು ದೊಡ್ಡದಾಗಿ ಕಾಣುತ್ತದೆ. 30 ಮೀಟರ್ ಹಿಂದೆ ಸರಿದರೆ ಈ ವ್ಯತ್ಯಾಸ ನೂರಕ್ಕೆ ಐದರಷ್ಟಕ್ಕೆ ಇಳಿಯುತ್ತದೆ. ಶಿಲ್ಪದ ಪ್ರಮಾಣ ಸರಿಯಾಗಿ ದಾಖಲಾಗಬೇಕಾದರೆ ಹಿಂದೆ ಸರಿದು ದೂರದ ಮಸೂರದಿಂದ ತೆಗೆಯಬೇಕು. ಇಲ್ಲಿ ಮಸೂರ ಬದಲಿಸಬಲ್ಲ ಕ್ಯಾಮೆರಾ ಮುಂದು. ಆದರೆ ಮೊಬೈಲು ಹಿಡಿದವರೂ ನಾಲ್ಕು ಹೆಜ್ಜೆ ಹಿಂದೆ ಹೋದರೆ ಅರ್ಧ ದೋಷ ತಪ್ಪುತ್ತದೆ.

ಕಂಬಳದ ಗದ್ದೆಯ ಪರೀಕ್ಷೆ

ಕಂಬ ನಿಂತಿರುತ್ತದೆ, ಕೋಣ ನಿಲ್ಲುವುದಿಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಸೆಕೆಂಡಿಗೆ ಸುಮಾರು 10.5 ಮೀಟರ್ ವೇಗ! ಕ್ಯಾಮೆರಾದ ಷಟರು ಸೆಕೆಂಡಿನ 60ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ, ಅಷ್ಟರಲ್ಲಿ ಓಟಗಾರ 17 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಮುಖ ಕಲಸಿಹೋಗುತ್ತದೆ. ಸಾವಿರದ ಒಂದು ಭಾಗವಾದರೆ ಚಲನೆ ಒಂದೇ ಸೆಂಟಿಮೀಟರ್. ಕೆಸರಿನ ಹನಿ ಹನಿಯೂ ಸ್ಪಷ್ಟ.

ರಾತ್ರಿ ಹೊನಲು ಬೆಳಕಿನಲ್ಲಿ ಸಾವಿರದ ಒಂದು ಭಾಗದಷ್ಟು ಕಾಲದಲ್ಲೇ ಸಾಕಷ್ಟು ಬೆಳಕು ಸೇರಬೇಕಾದರೆ ದೊಡ್ಡ ಮಸೂರ, ದೊಡ್ಡ ಸಂವೇದಕ ಬೇಕೇ ಬೇಕು. ಹದಿನಾರು ಚಿತ್ರ ಕೂಡಿಸುವ ಮೊಬೈಲಿನ ಉಪಾಯ ಇಲ್ಲಿ ಸಾಗದು. ಪ್ರತಿ ಚಿತ್ರದಲ್ಲೂ ಕೋಣ ಬೇರೆ ಜಾಗದಲ್ಲಿರುತ್ತದೆ. ಗದ್ದೆಯ ತುದಿಯಲ್ಲಿ ಉದ್ದ ಮಸೂರದ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾಯುವ ಛಾಯಾಗ್ರಾಹಕರು ಈಗಲೂ ಇರುವುದು ಇದಕ್ಕಾಗಿಯೇ. ಆದರೆ ಶ್ರೀನಿವಾಸ ಗೌಡರ ಓಟದ ಸುದ್ದಿ ಕೆಲವೇ ದಿನಗಳಲ್ಲಿ ದೇಶವನ್ನೆಲ್ಲ ಸುತ್ತಿದ್ದು ಯಾವುದರ ಮೂಲಕ? ಮೊಬೈಲುಗಳ ಮೂಲಕ. ಒಂದು ಯಂತ್ರ ಚೆನ್ನಾಗಿ ನೋಡಿತು. ಇನ್ನೊಂದು ದೂರಕ್ಕೆ ಮುಟ್ಟಿಸಿತು.

ನೆರೆಯ ಸಾಕ್ಷಿ ಯಾರು?

ಈಗ ನೇತ್ರಾವತಿಯ ದಡಕ್ಕೆ ಬರೋಣ. ಬಂಟ್ವಾಳದವರು ಮರೆಯದ ಎರಡು ಮಹಾ ನೆರೆಗಳು 1923 ಮತ್ತು 1974ರವು. ತುಳುವಿನಲ್ಲಿ ನೆರೆಗೆ ‘ಬೊಳ್ಳ’ ಎನ್ನುತ್ತಾರೆ. 1923ರಲ್ಲಿ ಪೇಟೆಯ ಸಾಮಾನ್ಯ ಮನೆಯಲ್ಲಿ ಕ್ಯಾಮೆರಾ ಇರುವ ಮಾತೇ ಇರಲಿಲ್ಲ. 1974ರಲ್ಲಿ ಸ್ಟುಡಿಯೋದವರ ಬಳಿ, ಕೆಲವು ಅನುಕೂಲಸ್ಥರ ಬಳಿ ಮಾತ್ರ ಇತ್ತು. ಆ ಕಾಲದಲ್ಲಿ ಜನಪ್ರಿಯವಾಗಿದ್ದ ಅಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಒಂದು ಸುರುಳಿಗೆ 12 ಚಿತ್ರ. ನೀರು ಮನೆಯೊಳಗೆ ನುಗ್ಗುವಾಗ ಯಾರಾದರೂ ಮೊದಲು ಎತ್ತುವುದು ಮಕ್ಕಳನ್ನು, ಅಕ್ಕಿಯನ್ನು, ಕ್ಯಾಮೆರಾವನ್ನಲ್ಲ.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ ತಾಲೂಕಿನ ಹಳ್ಳಿಗಳಲ್ಲಿ ಗುಡ್ಡ ಜರಿದು ಪ್ರವಾಹ ಬಂದಾಗ ಸ್ಥಿತಿ ಬೇರೆಯೇ ಇತ್ತು. ತೋಟದ ಮೇಲೆ ಮರಳು ಬಿದ್ದದ್ದನ್ನು, ರಸ್ತೆ ಕುಸಿದದ್ದನ್ನು ಅಲ್ಲಿಯ ಜನರೇ ಚಿತ್ರಿಸಿ ಕಳುಹಿಸಿದರು. ಪಟ್ಟಣದಿಂದ ನಮ್ಮಂಥವರ ಕ್ಯಾಮೆರಾ ತಲುಪುವ ಮೊದಲೇ ಸಾಕ್ಷಿ ಸಿದ್ಧವಾಗಿತ್ತು. ಇದು ಸಣ್ಣ ಬದಲಾವಣೆಯಲ್ಲ. 1876ರ ಪುಸ್ತಕದಲ್ಲಿ ಸ್ಮಾರಕಕ್ಕೆ ಮಾತ್ರ ಇದ್ದ ಜಾಗ ಈಗ ಒಬ್ಬ ರೈತನ ಅಡಿಕೆ ತೋಟಕ್ಕೂ ಸಿಕ್ಕಿತು. ಘಟನೆ ನಡೆದ ಸ್ಥಳದಲ್ಲಿ ಇರುವ ಸಾಧಾರಣ ಕ್ಯಾಮೆರಾ, ಇಲ್ಲದಿರುವ ಉತ್ತಮ ಕ್ಯಾಮೆರಾಕ್ಕಿಂತ ಮೇಲು.

ಆದರೆ ಸಾಕ್ಷಿ ಎಂದಮೇಲೆ ಅದು ಸತ್ಯವೂ ಆಗಿರಬೇಕಷ್ಟೆ. ಮೊಬೈಲಿನ ಗಣಕಯಂತ್ರ ಚಿತ್ರವನ್ನು ಕೂಡಿಸುವುದಷ್ಟೇ ಅಲ್ಲ, ಕೆಲವೊಮ್ಮೆ ತಿದ್ದುತ್ತದೆ, ತುಂಬುತ್ತದೆ. ಚರ್ಮವನ್ನು ನಯ ಮಾಡುತ್ತದೆ, ಆಕಾಶವನ್ನು ನೀಲಿ ಮಾಡುತ್ತದೆ. ಒಂದು ಕಂಪನಿಯ ಮೊಬೈಲು ಮಸೂರ ಕಾಣದ ಕುಳಿಗಳನ್ನು ಚಂದ್ರನ ಚಿತ್ರಕ್ಕೆ ತಾನೇ ಸೇರಿಸುತ್ತದೆ ಎಂದು 2023ರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹಿಂದೆ ಹೇಳಿದ ಮರದ ಅಚ್ಚಿನ ಕುಶಲಕರ್ಮಿ ನೆನಪಾದನೇ? ಅವನೇ ಈಗ ಮೊಬೈಲಿನೊಳಗೆ ಕುಳಿತಿದ್ದಾನೆ. ವ್ಯತ್ಯಾಸ ಇಷ್ಟೇ: ಫರ್ಗುಸನ್ನನ ಪುಸ್ತಕ ‘ಛಾಯಾಚಿತ್ರದಿಂದ’ ಎಂದು ಪ್ರಾಮಾಣಿಕವಾಗಿ ಹೇಳಿಕೊಂಡಿತ್ತು, ಇಂದಿನ ಚಿತ್ರ ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ದೊಡ್ಡ ಕ್ಯಾಮೆರಾಗಳಲ್ಲಿ, ಕೆಲವು ಮೊಬೈಲುಗಳಲ್ಲಿಯೂ, ಸಂವೇದಕ ಕಂಡದ್ದನ್ನು ತಿದ್ದುಪಡಿ ಇಲ್ಲದೆ ಉಳಿಸುವ ‘ರಾ’ ಎಂಬ ಕಡತದ ಸೌಲಭ್ಯವಿದೆ. ದಾಖಲೆಯ ದೃಷ್ಟಿಯಿಂದ ಅದು ಫಿಲ್ಮಿನ ನೆಗೆಟಿವ್ ಇದ್ದಂತೆ.

ತಾಳೆಗರಿ ಕಲಿಸುವ ಪಾಠ

ಚಿತ್ರ ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆ ಬಾಕಿ ಇದೆ. ಇದಕ್ಕೆ ಉತ್ತರ ಮೂಡುಬಿದಿರೆಯಲ್ಲೇ ಇದೆ. ಅಲ್ಲಿನ ಸಿದ್ಧಾಂತ ಬಸದಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಕಾಪಾಡಿದ ಸ್ಥಳ. ವೀರಸೇನಾಚಾರ್ಯರು 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯ ಈ ಗರಿಗಳು ಹಳಗನ್ನಡ ಲಿಪಿಯಲ್ಲಿವೆ. ಇವುಗಳಲ್ಲಿ ಕೆಲವಕ್ಕೆ 12ನೆಯ ಶತಮಾನದ ವರ್ಣಚಿತ್ರಗಳೂ ಇವೆ. ಕರಾವಳಿಯ ಮಳೆ, ಗೆದ್ದಲು, ತೇವ ಎಲ್ಲವನ್ನೂ ದಾಟಿ ಅವು ಸುಮಾರು 900 ವರ್ಷ ಉಳಿದವು. ಬಟ್ಟೆಯಲ್ಲಿ ಸುತ್ತಿ, ಹಲಗೆಗಳ ನಡುವೆ ಕಟ್ಟಿ ಕಾಪಾಡಿದವರಿದ್ದರು. ಆದರೂ ಒಂದೇ ಕಡೆ ಇದ್ದದ್ದು ಅಪಾಯವೇ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಿಂದ ಧವಲಾ ಅಚ್ಚಿನಲ್ಲಿ ಬಂತು. 1948ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರ ಗ್ರಂಥಸೂಚಿ ಪ್ರಕಟವಾಯಿತು. ಕಾಪಾಡುವುದು, ಪ್ರತಿ ಮಾಡುವುದು, ಸೂಚಿ ಬರೆಯುವುದು: ಯಾವುದೇ ದಾಖಲೆ ಉಳಿಯುವುದು ಈ ಮೂರರಿಂದ.

ಈಗ ನಿಮ್ಮ ಮೊಬೈಲಿನ ಚಿತ್ರಗಳನ್ನು ಈ ಅಳತೆಗೋಲಿನಿಂದ ಅಳೆಯಿರಿ. ಮೊಬೈಲು ಹೊಳೆಗೆ ಬಿದ್ದರೆ ಎಷ್ಟು ಚಿತ್ರ ಉಳಿಯುತ್ತವೆ? ಸಾವಿರಾರು ಚಿತ್ರಗಳಲ್ಲಿ ಎಷ್ಟಕ್ಕೆ ಊರು, ಹೆಸರು ಬರೆದಿದ್ದೀರಿ? ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ 4000 ಬಿಂದು ಅಗಲದ ಚಿತ್ರ ಸುಮಾರು 1600ಕ್ಕೆ ಕುಗ್ಗುತ್ತದೆ. ಮೊದಲಿನದನ್ನು 13 ಇಂಚು ಅಗಲಕ್ಕೆ ಚೆನ್ನಾಗಿ ಮುದ್ರಿಸಬಹುದಿತ್ತು. ಎರಡನೆಯದು 5 ಇಂಚಿಗೆ ಮುಗಿಯಿತು. ಚಿತ್ರದೊಳಗೆ ಅಡಗಿದ್ದ ದಿನಾಂಕ, ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ.

ಇದು ಮೊಬೈಲಿನ ದೋಷ ಮಾತ್ರವಲ್ಲ. ದೂರದರ್ಶನದಲ್ಲಿ ಹಿಂದೆ ಬಳಸುತ್ತಿದ್ದ ಯೂ-ಮ್ಯಾಟಿಕ್ ಟೇಪುಗಳನ್ನು ಓಡಿಸುವ ಯಂತ್ರಗಳು ಇಂದು ದುರ್ಲಭ. ಕಾಲಕಾಲಕ್ಕೆ ಹೊಸ ರೂಪಕ್ಕೆ ಇಳಿಸಿದ್ದಷ್ಟೇ ನೋಡಲು ಸಿಗುತ್ತದೆ. ಸ್ಟುಡಿಯೋಗಳ ನೆಗೆಟಿವುಗಳಿಗೂ ಇದೇ ಮಾತು. ದಕ್ಷಿಣ ಕನ್ನಡ ಮತ್ತು ಉಡುಪಿಯ ಛಾಯಾಗ್ರಾಹಕರ ಸಂಘಟನೆಯಾದ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ನಿಗೆ ಈ ಮೂರೂ ಕಡೆ ವಲಯಗಳಿವೆ. ಹಳೆಯ ಸ್ಟುಡಿಯೋಗಳ ಕಪಾಟುಗಳಲ್ಲಿ ಬೂಷ್ಟು ಹಿಡಿಯುವ ನೆಗೆಟಿವುಗಳೆಂದರೆ ಒಂದು ಊರಿನ ಮದುವೆ, ಜಾತ್ರೆ, ಬೀದಿ, ಅಂಗಡಿಗಳ ಚರಿತ್ರೆಯೇ. ಮೊಬೈಲಿನ ಹೊಡೆತಕ್ಕೆ ಒಂದು ಸ್ಟುಡಿಯೋ ಬಾಗಿಲು ಹಾಕಿದಾಗ ಹೋಗುವುದು ಒಂದು ಅಂಗಡಿ ಮಾತ್ರವಲ್ಲ.

ನೀವು ಏನು ಮಾಡಬಹುದು?

ನಿಮ್ಮ ಕೈಯಲ್ಲಿ ಯಾವ ಯಂತ್ರವಿದೆಯೋ ಅದರಿಂದಲೇ ಆರಂಭಿಸಿ. ಮೊದಲು ನಿಮ್ಮ ಊರಿನ ಒಂದು ಸ್ಥಳ ಆಯ್ದುಕೊಳ್ಳಿ: ಸೇತುವೆ, ಕೆರೆ, ಪೇಟೆಯ ತಿರುವು. ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು ಒಂದೇ ಕೋನದಿಂದ ಚಿತ್ರ ತೆಗೆಯಿರಿ. ಚಿತ್ರದ ಹೆಸರಿನಲ್ಲಿಯೇ ಊರು, ದಿನಾಂಕ ಬರೆಯಿರಿ. ಬೇರೆಯವರಿಗೆ ಕಳುಹಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. ಆಗ ಮೂಲ ಚಿತ್ರ ಕುಗ್ಗದೆ ಹೋಗುತ್ತದೆ. ಮುಖ್ಯವಾದ ಚಿತ್ರಗಳ ಮೂರು ಪ್ರತಿ ಇರಲಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ. ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ವಿವರ ಬರೆಯಿರಿ. ಬಸದಿ, ದೈವಸ್ಥಾನಗಳಲ್ಲಿ ಅನುಮತಿ ಕೇಳಿಯೇ ತೆಗೆಯಿರಿ. ಬೇಡ ಎಂದ ಕಡೆ ಕಣ್ಣಿನಿಂದ ನೋಡಿದರೆ ಸಾಕು.

ಹಳೆಯ ಕ್ಯಾಮೆರಾಗಳನ್ನು ಕಣ್ಣಾರೆ ನೋಡಬೇಕೆಂದರೆ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿ. ಮನೆಯ ಟ್ರಂಕಿನಲ್ಲಿ ಅಜ್ಜ ಅಜ್ಜಿಯರ ಚಿತ್ರಗಳಿದ್ದರೆ ಅವುಗಳಲ್ಲಿ ಇರುವವರು ಯಾರು ಎಂದು ಇಂದೇ ಕೇಳಿ ಬರೆದಿಡಿ. ಚಿತ್ರ ಇನ್ನೂ ನೂರು ವರ್ಷ ಉಳಿಯಬಹುದು. ಆ ಹೆಸರುಗಳನ್ನು ಬಲ್ಲವರು ಅಷ್ಟು ಕಾಲ ನಮ್ಮೊಡನೆ ಇರುವುದಿಲ್ಲ.

ವೇಣೂರಿನಲ್ಲಿ ಹನ್ನೆರಡು ವರ್ಷದ ಲೆಕ್ಕದ ಮುಂದಿನ ಮಸ್ತಕಾಭಿಷೇಕ 2036ಕ್ಕೆ ಬರುತ್ತದೆ. ಆಗ ಜನರ ಕೈಯಲ್ಲಿ ಯಾವ ಯಂತ್ರ ಇರುತ್ತದೋ ಹೇಳಲಾಗದು. ಆದರೆ 2024ರ ಚಿತ್ರಗಳು ಆಗ ನೋಡಲು ಸಿಗುತ್ತವೆಯೇ ಎಂಬುದು ಮಸೂರದ ಮೇಲೆ ನಿಂತಿಲ್ಲ. ಈ ಪುಟವನ್ನು ಓದಿ ಮುಗಿಸಿದ ಮೇಲೆ ನೀವು ಮಾಡುವ ಕೆಲಸದ ಮೇಲೆ ನಿಂತಿದೆ.